ಲಾಭ, ಎರಡು, ಮೂರು

ನಮ್ಮತ್ತೆ ಮಾರೆವ್ವ ಏನನ್ನೇ ಎಣಿಸಲಿ, ಒಂದು ಎನ್ನುವುದಿಲ್ಲ. ಮೊದಲನೆಯದಕ್ಕೆ ‘ಲಾಭ’ ಅನ್ನುತ್ತಾಳೆ. ಅಲ್ಲಿಂದ ಮುಂದೆ ಎಲ್ಲರಂತೆ ಎರಡು, ಮೂರು, ನಾಕು. ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವವರು ಹೀಗೇ ಎಣಿಸುತ್ತಿದ್ದರು. ಒಂದು ಅಂದರೆ ಒಂಟಿ. ಒಂಟಿ ಅಂದ ಬಾಯಿಗೆ ರಾಶಿ ಹುಲುಸಾಗುವುದಿಲ್ಲ ಎಂದು ನಂಬಿಕೆ. ಆದರೆ ಉಳಿದವರು ಕಣ ದಾಟಿ ಮನೆಗೆ ಬಂದ ಮೇಲೆ ಒಂದಕ್ಕೆ ಒಂದೇ ಅನ್ನುತ್ತಾರೆ. ಈಕೆ ಬುಟ್ಟಿಯ ರೊಟ್ಟಿ ಎಣಿಸಿದರೂ ಲಾಭ, ಗೋಡೆಗೆ ಬಡಿದ ಕುಳ್ಳು ಎಣಿಸಿದರೂ ಲಾಭ. ಬಸ್ಸಿಗೆ ಕಾಯುತ್ತ ಕುಳಿತು ಮುಂದೆ ಹೋದ ಲಾರಿ ಎಣಿಸಿದರೂ ಲಾಭವೇ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದು ಬರೀ ಹಟ ಅನ್ನಿಸಿತ್ತು.

ಆಕೆಯನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ನನಗೂ ಆಕೆಗೂ ಮಾತು ನಿಂತು ಐದು ವರ್ಷ ದಾಟಿದೆ. ಒಂದೇ ಸೂರು, ಒಂದೇ ಒಲೆ. ಹೇಳಬೇಕಾದದ್ದನ್ನೆಲ್ಲ ಇಬ್ಬರೂ ನನ್ನ ಮಗಳು ರಂಜಿತಾಳ ಮೂಲಕ ಹೇಳಿಸುತ್ತೇವೆ.

‘ರಂಜಿ, ನಿಮ್ಮವ್ವಗ ಹೇಳು, ಜ್ವಾಳದ ಹಿಟ್ಟು ಮುಗದೈತಿ.’

ನಾನು ಅಲ್ಲೇ ಒಂದು ಮಾರು ದೂರದಲ್ಲಿ ಸೊಪ್ಪು ಸೋಸುತ್ತಿರುತ್ತೇನೆ. ‘ರಂಜಿ, ಅಜ್ಜಿಗೆ ಹೇಳು, ನಿನ್ನೇನ ಬೀಸಿಸಿಕೊಂಡು ಬಂದೀನಿ, ಡಬ್ಬ್ಯಾಗ ಐತಿ.’

ಮಗಳು ಆಟಿಕೆಯಿಂದ ತಲೆ ಎತ್ತದೆ, ‘ಇಬ್ರೂ ಕೇಳಿಸ್ಕೊಂಡೀರಿ’ ಅನ್ನುತ್ತಾಳೆ.

ತಪ್ಪು ಶುರುವಾದದ್ದು ನನ್ನಿಂದ. ರಂಜಿತಾ ನಾಲ್ಕು ತಿಂಗಳ ಕೂಸಿದ್ದಾಗ ನಾನು ಊರಿನ ಸರಕಾರಿ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದೆ. ನಮ್ಮೂರು ಮಂಗಳೂರು, ಸಮುದ್ರದ ದಂಡೆಯದಲ್ಲ, ಯಲಬುರ್ಗಾ ಕಡೆಯದು. ಮಧ್ಯಾಹ್ನದ ಬಿಡುವಿನಲ್ಲಿ ಹಾಲೂಡಿಸಲು ಮನೆಗೆ ಓಡಿ ಬರುತ್ತಿದ್ದೆ. ಒಂದು ದಿನ ಬಂದು ನೋಡಿದರೆ ಅತ್ತೆ ಅರಳೆಯ ಬತ್ತಿಯನ್ನು ಆಡಿನ ಹಾಲಲ್ಲಿ ಅದ್ದಿ ಕೂಸಿನ ಬಾಯಿಗೆ ಇಡುತ್ತಿದ್ದಳು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಹಾಲು ತುಂಬಿ ಎದೆ ಕಟ್ಟಿಕೊಂಡು ನೋಯುತ್ತಿತ್ತು, ಬಿಸಿಲಿಗೆ ತಲೆ ಸುಡುತ್ತಿತ್ತು. ಅಲ್ಲಿಯವರೆಗೆ ನೀವು ಅನ್ನುತ್ತಿದ್ದವಳು ಅಂದು ಮೊದಲ ಸಲ ನೀನು ಅಂದೆ. ‘ಎರಡು ಕಳಕೊಂಡಾಕಿ ನೀನು. ಮಕ್ಕಳನ್ನ ಹೆಂಗ ಸಾಕಬೇಕಂತ ನನಗ ಕಲಸಬ್ಯಾಡ.’

ನನ್ನ ಗಂಡ ಯಂಕೇಶ ಹುಟ್ಟುವ ಮೊದಲು ಆಕೆಯ ಎರಡು ಕೂಸು ತೀರಿದ್ದವು. ಆಕೆ ಬತ್ತಿಯನ್ನು ಬಟ್ಟಲಿಗೆ ಹಾಕಿದಳು, ಕೂಸನ್ನು ನನ್ನ ಮಡಿಲಿಗೆ ಇಟ್ಟಳು, ಎದ್ದು ಹೋದಳು. ಮಾತು ಅಲ್ಲಿಗೆ ನಿಂತಿತು. ತಪ್ಪಾಯಿತು ಅನ್ನಬೇಕೆಂದು ನನ್ನ ದಿನಚರಿಯಲ್ಲಿ ಮೂರು ಸಲ ಬರೆದಿದ್ದೇನೆ. ಉಳಿದ ಪುಟಗಳಲ್ಲಿ ಮಗಳ ಹಲ್ಲು ಬಂದ ದಿನ, ಲಸಿಕೆಯ ತಾರೀಕು, ಮತ್ತೆ ಅತ್ತೆಯ ಮೇಲೆ ದೂರು. ಆಕೆಯೇನೂ ಕಡಿಮೆ ಮಾಡಲಿಲ್ಲ. ನೀರಿಗೆ ನಿಂತ ಹೆಂಗಸರ ಎದುರು ನನಗೆ ಕೇಳಿಸುವಂತೆ ಹೇಳುತ್ತಿದ್ದಳು: ‘ನಮ್ಮನಿ ಟೀಚರಮ್ಮ ಊರ ಮಕ್ಕಳಿಗೆಲ್ಲಾ ಅಕ್ಷರ ಕಲಸ್ತಾಳ. ಸಾರಿಗೆ ಉಪ್ಪು ಹಾಕೂದು ಆಕಿಗೆ ಯಾರ ಕಲಸ್ಬೇಕೋ.’

ಆಕೆಯ ಹಿಂದಿನ ಬದುಕು ನನಗೆ ಗೊತ್ತಾದದ್ದು ಪಕ್ಕದ ಮನೆಯ ಹುಲಿಗವ್ವನಿಂದ. ಮಾವ ಪಕೀರಪ್ಪ ಊರಿನ ಕಣಗಳಲ್ಲಿ ರಾಶಿ ಅಳೆಯುತ್ತಿದ್ದ. ಅಳೆಯುವ ಕೊಳಗ ಅವನದೇ, ಅಂಚಿಗೆ ಹಿತ್ತಾಳೆ ಪಟ್ಟಿ ಬಡಿದದ್ದು. ತೊಂಬತ್ತೇಳರಲ್ಲಿ ಕಣದ ಮೇವಿನ ಬಣವೆಯಲ್ಲಿ ಹಾವು ಮುಟ್ಟಿ ಹೋದ. ಯಂಕೇಶನಿಗೆ ಆಗ ಎಂಟು ವರ್ಷ. ಮರುವರ್ಷ ಸುಗ್ಗಿಗೆ ಮಾರೆವ್ವ ಆ ಕೊಳಗವನ್ನು ಬಗಲಲ್ಲಿ ಇಟ್ಟುಕೊಂಡು ಗೌಡರ ಕಣಕ್ಕೆ ಹೋಗಿ ನಿಂತಳು. ಗಂಡ ಸತ್ತವಳು ರಾಶಿ ಮುಟ್ಟಬಾರದು ಎಂದು ಗೌಡರು ಅಂದರು. ಈಕೆ ಅಂದಳಂತೆ: ‘ಬಿತ್ತಾಕ ಕರದ್ರಿ, ಕಳೇ ತೆಗ್ಯಾಕ ಕರದ್ರಿ, ಕೊಯ್ಯಾಕ ಕರದ್ರಿ. ಆವಾಗೆಲ್ಲಾ ನಾ ಮುತ್ತೈದಿ ಇದ್ನೇನ್ರಿ?’

ಕಣದಲ್ಲಿ ಯಾರೂ ನಗಲಿಲ್ಲ. ಆಕೆ ಮೊಣಕಾಲೂರಿ ಕುಳಿತು ಮೊದಲ ಕೊಳಗ ಮಗುಚಿದಳು. ಅಲ್ಲಿಂದ ಹದಿನಾಲ್ಕು ಸುಗ್ಗಿ ಆಕೆಯದೇ ಅಳತೆ. ಆಮೇಲೆ ರಾಶಿ ಮಷೀನು ಬಂತು, ತೂಕದ ಕಾಟಾ ಬಂತು. ಮಗ ಈಗ ಶ್ರೀರಾಮನಗರದ ಕಡೆ ಭತ್ತ ಕೊಯ್ಯುವ ಮಷೀನು ಓಡಿಸುತ್ತಾನೆ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾನೆ. ಕೊಳಗ ಗೂಟಕ್ಕೆ ತೂಗುಬಿತ್ತು. ವಾರಕ್ಕೊಮ್ಮೆ ಇಳಿಸಿ ಹುಣಸೆಹಣ್ಣು ಹಚ್ಚಿ ಪಟ್ಟಿ ತಿಕ್ಕುತ್ತಾಳೆ, ಮತ್ತೆ ತೂಗುಹಾಕುತ್ತಾಳೆ.

ಎರಡು ಸಾವಿರದ ಇಪ್ಪತ್ತಮೂರರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ನಮಗೆ ಒಂದು ದಿನದ ತರಬೇತಿ ಆಯಿತು. ‘ಕಲಿಕಣ’ ಎಂಬ ಜಾಲತಾಣ. ಯಾವ ಶಿಕ್ಷಕರಾದರೂ ಅದರಲ್ಲಿ ಪಾಠ ಕಟ್ಟಬಹುದು: ಚಿತ್ರ ಹಾಕಿ, ದನಿ ಹಾಕಿ, ಕೆಳಗೆ ಪ್ರಶ್ನೆ ಜೋಡಿಸಿ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ತಿದ್ದಬಹುದು, ಸೇರಿಸಬಹುದು, ಕಾಪಿ ಮಾಡಿಕೊಂಡು ತಮ್ಮ ಮಕ್ಕಳಿಗೆ ಹೊಂದಿಸಿಕೊಳ್ಳಬಹುದು. ಯಾರನ್ನೂ ಕೇಳಬೇಕಾಗಿಲ್ಲ. ಯಾರು ಯಾವ ದಿನ ಏನು ಬದಲಿಸಿದರು ಎಂಬುದು ಪಾಠದ ಹಿಂದೆ ‘ಇತಿಹಾಸ’ ಎಂಬ ಪುಟದಲ್ಲಿ ಉಳಿಯುತ್ತದೆ. ಅದನ್ನು ಅಳಿಸಲು ಬರುವುದಿಲ್ಲ. ಒಂದನೇ ತರಗತಿಗೆ ಎಣಿಕೆಯ ಪಾಠ ಕಟ್ಟುವುದು ನನ್ನ ಪಾಲಿಗೆ ಬಂತು. ಪುಸ್ತಕದಲ್ಲಿರುವ ಬಲೂನು, ಐಸ್‌ಕ್ರೀಮು ಬಿಟ್ಟು ಕಣದ ಜೋಳ ಇಡೋಣ ಅನ್ನಿಸಿತು. ರಾಗದಲ್ಲಿ ಅಳೆಯುವ ದನಿ ಬೇಕಿತ್ತು. ಊರಲ್ಲಿ ಆ ರಾಗ ಉಳಿದದ್ದು ಒಂದೇ ಬಾಯಲ್ಲಿ.

‘ರಂಜಿ, ಅಜ್ಜಿಗೆ ಕೇಳು, ಫೋನಿನ ಮುಂದ ಇಪ್ಪತ್ತು ಕೊಳಗ ಅಳೀತಾಳೇನಂತ.’

‘ನಿಮ್ಮವ್ವಗ ಕೇಳು, ಅಳದ ಜ್ವಾಳ ಯಾರ ಒಯ್ಯವ್ರು?’

‘ಯಾರೂ ಒಯ್ಯಲ್ಲನ್ನು. ಎಣಿಕಿ ಅಷ್ಟ ಬೇಕು. ಅದು ಕಣ ಇದ್ದಂಗ, ಯಾರ ಬೇಕಾದ್ರೂ ತಂದು ಸುರೀಬಹುದು, ಯಾರ ಬೇಕಾದ್ರೂ ತುಂಬಿಕೊಂಡು ಹೋಗಬಹುದು.’

‘ಕಲ್ಲು ಯಾರ ಆರಸ್ತಾರ?’

‘ಎಲ್ಲಾರೂ ಆರಸ್ತಾರನ್ನು.’

‘ಎಲ್ಲಾರೂ ಆರಸ್ತಾರ ಅಂದ್ರ ಯಾರೂ ಆರಸಲ್ಲ ಅಂತ ಹೇಳು.’

ಆದರೂ ಮರುದಿನ ಬೆಳಿಗ್ಗೆ ಅಂಗಳದಲ್ಲಿ ತಾಡಪಾಲು ಹಾಸಿತ್ತು, ಅದರ ಮೇಲೆ ಮನೆಯ ಜೋಳ ಸುರಿದಿತ್ತು, ಕೊಳಗದ ಹಿತ್ತಾಳೆ ಪಟ್ಟಿ ಹೊಳೆಯುತ್ತಿತ್ತು. ನನ್ನ ಕಡೆ ನೋಡದೆ ಆಕೆ ಸೀರೆ ಸಿಕ್ಕಿಸಿಕೊಂಡು ಕುಳಿತಳು. ನಾನು ಫೋನನ್ನು ಮರದ ಮೇಲೆ, ಅಂದರೆ ಕಾಳು ಕೇರುವ ಮರದ ಮೇಲೆ, ಆಸರೆ ಕೊಟ್ಟು ನಿಲ್ಲಿಸಿದೆ. ‘ಲಾ...ಭಾ’ ಎಂದು ಎಳೆದು, ಉಸಿರು ಬಿಡುವ ಮೊದಲು ಕೊಳಗ ಮಗುಚಿದಳು. ಜೋಳ ಸುರಿದ ಸದ್ದು ಮುಗಿಯುವಷ್ಟರಲ್ಲಿ ‘ಎರಡಾ’ ಬಂತು. ಅದೇ ಕಾಳನ್ನು ತುಂಬಿ ಸುರಿದು ಇಪ್ಪತ್ತರವರೆಗೆ ಹೋದಳು. ದನಿ ಎಲ್ಲೂ ಕೆಳಗಿಳಿಯಲಿಲ್ಲ. ಅರವತ್ತೈದರ ಹೆಂಗಸಿನ ದನಿ ಅನ್ನಿಸಲಿಲ್ಲ. ಮುಗಿದ ಮೇಲೆ ನಾನು ಚೆನ್ನಾಗಿತ್ತು ಅನ್ನಬೇಕಿತ್ತು. ‘ರಂಜಿ, ಜ್ವಾಳ ತುಂಬಿಡಾಕ ಹೇಳು, ಇರುವೆ ಹತ್ತತಾವ’ ಅಂದೆ.

ಪಾಠ ಏರಿಸಿದ ಮೂರನೇ ವಾರಕ್ಕೆ ಗಂಗಾವತಿಯ ಉರ್ದು ಶಾಲೆಯ ಶಿಕ್ಷಕಿ ಶಹನಾಜಬೇಗಂ ಅದಕ್ಕೆ ಒಂದು ಪುಟ ಸೇರಿಸಿದರು. ತಮ್ಮಲ್ಲಿ ಮೊದಲನೆಯದಕ್ಕೆ ‘ಬರ್ಕತ್’, ಅಂದರೆ ಸಮೃದ್ಧಿ, ಅನ್ನುತ್ತಾರೆ ಎಂದು ಬರೆದು, ತಮ್ಮ ದೊಡ್ಡಮ್ಮ ಅಕ್ಕಿ ಅಳೆಯುವ ದನಿ ಹಾಕಿದ್ದರು. ನಾನು ಅದನ್ನು ಮಗಳಿಗೆ ಕೇಳಿಸಿದೆ. ಒಳಗಿಂದ ಮಾತು ಬಂತು: ‘ರಂಜಿ, ಅದನ್ನ ಇನ್ನೊಮ್ಮೆ ಹಾಕಸು.’ ಮೂರು ಸಲ ಹಾಕಿದೆ. ‘ಹೂಂ. ಆಕಿ ಕೈ ಛಲೋ ಐತಿ, ಚೆಲ್ಲಲ್ಲ’ ಅಂದಳು. ಐದು ವರ್ಷದಲ್ಲಿ ಆಕೆ ಯಾರನ್ನಾದರೂ ಒಪ್ಪಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ರಂಜಿತಾ ಒಂದನೇ ತರಗತಿಗೆ ಬಂದಳು. ಗಣಿತದ ವೇಳೆ ಫೋನಿಗೆ ಸ್ಪೀಕರ್ ಜೋಡಿಸಿ ಅಜ್ಜಿಯ ದನಿ ಹಾಕಿದರೆ ಇಪ್ಪತ್ತೆಂಟು ಮಕ್ಕಳು ಒಟ್ಟಿಗೆ ಕೂಗುತ್ತಿದ್ದವು. ಅದೇ ಹೊತ್ತಿಗೆ ಅತ್ತೆಗೆ ಶಾಲೆಯ ಗೋಡೆಯ ಬದಿಗೇ ಸೆಗಣಿ ಆರಿಸುವ ಕೆಲಸ ಬೀಳುತ್ತಿತ್ತು. ಹುಲಿಗವ್ವ ಬಿಡುವವಳಲ್ಲ.

‘ಏನವ್ವ ಮಾರೆವ್ವ, ಸಾಲಿ ಗ್ವಾಡಿಗೆ ಎಮ್ಮಿ ಕಟ್ಟ್ಯಾರೇನು, ದಿನಾ ಅಲ್ಲೇ ಸೆಗಣಿ ಹುಡುಕ್ತೀ?’

‘ನಿನ್ನಂಗ ಕುಂತು ತಿನ್ನಾಕ ಬರಲ್ಲ ನನಗ.’

‘ನಿನ್ನ ದನಿ ಗಂಗಾವತಿ ಮಟ ಹೋಗೈತಂತ. ನೀ ಮಾತ್ರ ಯಲಬುರ್ಗಾ ಸಂತಿ ದಾಟಿಲ್ಲ.’

‘ದನಿಗೆ ಬಸ್ ಚಾರ್ಜಿಲ್ಲ’ ಅಂದಳಂತೆ ಅತ್ತೆ. ಓಣಿಯಲ್ಲಿ ಹೋಗುವಾಗ ಆಕೆಯ ನಡಿಗೆ ಬದಲಾಗಿತ್ತು. ಕರೆಯದೆ ಹನ್ನೆರಡು ವರ್ಷವಾದ ಅಳತೆಗೆ ಯಾರೋ ಮತ್ತೆ ಕರೆದಂತೆ.

ಜೂನ್ ಕೊನೆಗೆ ಪಾಠದಲ್ಲಿ ‘ಲಾಭ’ ಕಾಣಿಸಲಿಲ್ಲ. ಅದರ ಜಾಗದಲ್ಲಿ ‘ಒಂದು’. ಇತಿಹಾಸ ತೆಗೆದರೆ ಕುಷ್ಟಗಿಯ ಶಾಂತಕುಮಾರ ಎಂಬ ಗಣಿತ ಶಿಕ್ಷಕರ ಹೆಸರು. ಚರ್ಚೆಯ ಪುಟದಲ್ಲಿ ಬರೆದಿದ್ದರು: ‘ಮಕ್ಕಳಿಗೆ ತಪ್ಪು ಕಲಿಸಬಾರದು. 1ರ ಹೆಸರು ಒಂದು.’ ನಾನು ಹಳೆಯದನ್ನು ಮರಳಿಸಿದೆ. ಅವರು ಮತ್ತೆ ತಿದ್ದಿದರು.

‘ಮೇಡಂ, ಕಣ ಬೇರೆ, ಶಾಲೆ ಬೇರೆ’ ಎಂದು ಬರೆದರು.

‘ಸರ್, ನಿಮ್ಮ ಮನಿಗೆ ಜೋಳ ಎಲ್ಲಿಂದ ಬರತೈತಿ?’ ಎಂದು ನಾನು.

‘ರೇಷನ್ ಅಂಗಡಿಯಿಂದ. ಅಲ್ಲಿ ಒಂದು ಅಂತಲೇ ಎಣಿಸುತ್ತಾರೆ.’

ಅದರ ಕೆಳಗೆ ಇನ್ನೊಂದು ಸೇರಿಸಿದ್ದರು. ಅವರ ಶಾಲೆಯ ಎರಡನೇ ತರಗತಿಯ ಹುಡುಗಿ ನನ್ನ ಪಾಠ ನೋಡಿದ್ದಳಂತೆ. ದೊಡ್ಡ ತರಗತಿಯ ಅಣ್ಣ ಲಾಭ-ನಷ್ಟದ ಲೆಕ್ಕ ಓದುತ್ತ ‘ಲಾಭ ಎಷ್ಟು?’ ಅಂದ ಕೂಡಲೇ ಇವಳು ‘ಒಂದು’ ಅಂದಳಂತೆ. ಯಾವ ಲೆಕ್ಕ ಕೇಳಿದರೂ ಲಾಭ ಒಂದೇ. ಓದಿ ನನಗೆ ನಗು ಬಂತು. ಅವರು ನಗಿಸಲು ಬರೆದಿರಲಿಲ್ಲ. ಅಷ್ಟರಲ್ಲಿ ಬೇರೆ ಯಾರೋ ನಡುವೆ ಬಂದು, ಮಂಗಳೂರಿನಲ್ಲಿ ಮೀನು ಬಿಟ್ಟು ಜೋಳ ಯಾಕೆ ತೋರಿಸಿದ್ದೀರಿ ಎಂದು ಕೇಳಿದ್ದರು. ನಾನು ಮತ್ತೆ ಮರಳಿಸಿ ಫೋನು ಮುಚ್ಚಿದೆ.

ಜುಲೈ ಎರಡನೇ ವಾರ ಮಕ್ಕಳ ಕಲಿಕೆ ನೋಡಲು ತಾಲೂಕಿನಿಂದ ಒಬ್ಬರು ಬಂದರು. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಕಾರ್ಡು ತೋರಿಸುತ್ತಿದ್ದರು. ರಂಜಿತಾಳಿಗೆ ಒಂದು ಮಾವಿನಹಣ್ಣಿನ ಚಿತ್ರ ಬಂತು.

‘ಎಷ್ಟು ಹಣ್ಣು?’

‘ಲಾಭ.’

‘ಲಾಭ ಅಲ್ಲ. ಎಷ್ಟು?’

ಕೇಳಿಸಲಿಲ್ಲವೇನೋ ಎಂದು ಮಗಳು ಜೋರಾಗಿ, ಎಳೆದು ಹೇಳಿದಳು: ‘ಲಾ...ಭಾ.’

ಕೋಣೆಯೆಲ್ಲ ನಕ್ಕಿತು. ಹೆಡ್‌ಮಾಸ್ತರು ಮುದಿಯಪ್ಪನವರು ನಕ್ಕರು, ಹಿಂದಿನ ದಿನ ತಾವೂ ಲಾಭ ಲಾಭ ಎಂದು ಕೂಗಿದ್ದ ಮಕ್ಕಳೂ ನಕ್ಕವು. ಬಂದವರು ನನ್ನ ಕಡೆ ತಿರುಗಿ, ‘ನಿಮ್ಮ ಮಗಳೇನ್ರಿ ಮೇಡಂ? ಸಾಲಿ ಯಾಕ, ದಲಾಲಿ ಅಂಗಡ್ಯಾಗ ಕೂರಸ್ರಿ’ ಅಂದು, ಹಾಳೆಯಲ್ಲಿ ಸಂಖ್ಯೆಗಳ ಪರಿಚಯ ಇಲ್ಲ ಎಂದು ಬರೆದರು. ನೂರರವರೆಗೆ ಎಣಿಸುವ ಮಗು ಅದು. ನಿಂತಲ್ಲೇ ಫ್ರಾಕು ಒದ್ದೆ ಮಾಡಿಕೊಂಡಿತು. ನಾನು ಅದನ್ನು ಎತ್ತಿಕೊಂಡು ನಲ್ಲಿಯ ಹತ್ತಿರ ಹೋಗಿ ತೊಳೆದೆ, ನನ್ನ ವೇಲು ಸುತ್ತಿದೆ. ‘ಯವ್ವ, ನಾ ತಪ್ಪ ಹೇಳಿದ್ನೇನು?’ ಅಂದಳು. ಒದ್ದೆ ಫ್ರಾಕು ಹಿಂಡಿ ಚೀಲಕ್ಕೆ ಹಾಕಿಕೊಂಡೆ.

ಮನೆಗೆ ಬಂದು ಹೊಸಿಲ ಮೇಲೆ ನಿಂತೇ ಅಂದೆ: ‘ರಂಜಿ, ಅಜ್ಜಿಗೆ ಹೇಳು. ಕಣ ಮುಗದು ಯಾ ಕಾಲ ಆತು. ಇನ್ನ ಆಕಿ ಎಣಿಕಿ ನನ್ನ ಮಗಳ ಬಾಯಾಗ ಬರಬಾರದು.’

ಮಗಳು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

‘ನಿಮ್ಮವ್ವಗ ಹೇಳು, ಕೂಸು ತಪ್ಪ ಹೇಳಿಲ್ಲ. ಕೇಳಿದಾವನ ಕಿವಿ ಮಂದ.’

ಸಂಜೆ ಕುಕ್ಕರಿನ ಎದುರು ನಿಂತಿದ್ದಾಗ ಫೋನಿನಲ್ಲಿ ಸೂಚನೆ ಬಂತು. ಶಾಂತಕುಮಾರರು ಮೂರನೇ ಸಲ ತಿದ್ದಿದ್ದರು. ಈ ಸಲ ಅತ್ತೆಯ ದನಿಯನ್ನೂ ತೆಗೆದು, ಬೇರೆ ಯಾರದೋ ಸ್ವಚ್ಛ ದನಿ ಹಾಕಿದ್ದರು. ಕೆಳಗೆ, ‘ಮೇಡಂ, ನೀವು ಒಪ್ಪಿದರೆ ಈ ಪಾಠವನ್ನು ಅಂತಿಮ ಮಾಡೋಣ.’ ‘ಮರಳಿಸು’, ‘ಒಪ್ಪಿದೆ’ ಎಂಬ ಎರಡು ಗುಂಡಿಗಳೂ ಅಕ್ಕಪಕ್ಕದಲ್ಲೇ ಇದ್ದವು. ಎರಡನೇ ಸೀಟಿಗೂ ಮೂರನೇ ಸೀಟಿಗೂ ನಡುವೆ ನಾನು ‘ಒಪ್ಪಿದೆ’ ಒತ್ತಿದೆ. ಆ ಗಣಿತದವರ ಮಾತು ಸರಿ ಅನ್ನಿಸಿ ಒತ್ತಲಿಲ್ಲ. ಒಳಗೆ ಕೊಳಗ ತಿಕ್ಕುವ ಸದ್ದು ಬರುತ್ತಿತ್ತು. ಆ ಸದ್ದಿಗೆ ಒತ್ತಿದೆ.

ಮರುದಿನ ನಾನು ರಜೆ ಹಾಕಿ ಮಗಳ ಜೊತೆ ಮನೆಯಲ್ಲಿದ್ದೆ. ಒಂದನೇ ತರಗತಿಯ ಗಣಿತವನ್ನು ಮುದಿಯಪ್ಪನವರು ತೆಗೆದುಕೊಂಡು ತಮ್ಮ ಫೋನಿನಲ್ಲಿ ಪಾಠ ಹಾಕಿದರು. ಸೆಗಣಿ ಬುಟ್ಟಿ ಹಿಡಿದು ಗೋಡೆಗೆ ನಿಂತ ಅತ್ತೆಗೆ ಕೇಳಿಸಿದ್ದು ಯಾವಳೋ ಪ್ಯಾಟಿ ಹುಡುಗಿಯ ದನಿ: ಒಂದು, ಎರಡು. ಬುಟ್ಟಿಯನ್ನು ಅಲ್ಲೇ ಇಟ್ಟು ಸೀದಾ ತರಗತಿಯ ಬಾಗಿಲಿಗೆ ಹೋದಳಂತೆ. ಇದನ್ನು ಆಮೇಲೆ ಹೆಡ್‌ಮಾಸ್ತರೇ ನನಗೆ ಸಂಭ್ರಮದಿಂದ ಹೇಳಿದರು.

‘ನನ್ನ ದನಿ ಯಾರ ತಗದ್ರು ಸರ?’

‘ಕುಷ್ಟಗಿ ಮಾಸ್ತರ ತಗದಾನವ್ವ.’

‘ಆಂವ ತಗದ್ರ ನಮ್ಮಾಕಿ ಹಾಕ್ತಿರತಾಳ. ಇವತ್ತ ಯಾಕ ಹಾಕಿಲ್ಲ?’

ಆಕೆಗೆ ಅಷ್ಟೂ ಗೊತ್ತಿತ್ತು. ನಾನು ಎರಡು ಸಲ ಮರಳಿಸಿದ್ದು, ಯಾರೊಡನೆ ಜಗಳವಾಡಿದ್ದು, ಎಲ್ಲ. ಮಗಳು ಹೇಳಿರಬೇಕು. ಮುದಿಯಪ್ಪನವರು ಇತಿಹಾಸದ ಪುಟ ತೆಗೆದು ಓದಿದರು: ‘ರೇಣುಕಾದೇವಿ, ಮಂಗಳೂರು. ಒಪ್ಪಿದೆ. ನಿಮ್ಮ ಸೊಸೀನ ಒಪ್ಯಾಳ ನೋಡವ್ವ.’

ನಾನು ಹಂಚಿನ ಮೇಲೆ ರೊಟ್ಟಿ ಹಾಕಿದ್ದೆ. ಆಕೆ ಬಂದು ಅಡುಗೆ ಕೋಣೆಯ ಬಾಗಿಲ ತೋಳು ಹಿಡಿದು ನಿಂತಳು. ರಂಜಿತಾ ಹೊರಗೆ ಆಡುತ್ತಿದ್ದಳು. ಮಗಳನ್ನು ಕರೆಯುತ್ತಾಳೆ ಅಂದುಕೊಂಡೆ.

‘ಏ ರೇಣುಕಾ.’

ಆ ಬಾಯಲ್ಲಿ ನನ್ನ ಹೆಸರು ಮರೆತೇ ಹೋಗಿತ್ತು.

‘ಒಪ್ಪಿದೇನು?’

‘ಒಪ್ಪಿದೆ.’

‘ಯಾರನ್ನ ಕೇಳಿ?’

‘ನೀವು ಕೂಸಿನ ಬಾಯಿಗೆ ಬತ್ತಿ ಇಡಾಕ ಯಾರನ್ನ ಕೇಳಿದ್ರಿ?’

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆಕೆ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

‘ಹದಿನಾಕು ಸುಗ್ಗಿ’ ಅಂದಳು. ‘ಕಣದ ಸುತ್ತ ಗಂಡಸ್ರು ಯಾಕ ಕುಂದರ್ತಿದ್ರು ಗೊತ್ತೈತೇನು ನಿನಗ? ರಾಶಿ ನೋಡಾಕಲ್ಲ. ನನ್ನ ಬಾಯಿ ನೋಡಾಕ. ಈಕಿ ಬಾಯಿ ತಪ್ಪಿ ಒಂದು ಅಂದ್ರ ಅವತ್ತ ಎಬ್ಬಸಬೇಕು, ಕೊಳಗ ಕಸಗೋಬೇಕು ಅಂತ. ಗಂಡಸು ತಪ್ಪಿದ್ರ ನಕ್ಕು ಬಿಡತಿದ್ರು, ನನಗ ಬಿಡತಿರಲಿಲ್ಲ. ಒಂದು ಅನ್ನೂದು ಕಣದಾಗ ಬರಬಾರದಂತ ಮನ್ಯಾಗೂ ಬಿಟ್ಟೆ. ರೊಟ್ಟಿಗೂ ಬಿಟ್ಟೆ, ಕುಳ್ಳಿಗೂ ಬಿಟ್ಟೆ. ನಿದ್ದಿಗಣ್ಣಾಗ ಕೇಳಿದ್ರೂ ಲಾಭ ಅನಬೇಕು, ಹಂಗ ಮಾಡ್ಕೊಂಡೆ ಈ ಬಾಯಿನ. ನಿನ್ನ ಗಂಡನ್ನ ಆ ಲಾಭದ ಮ್ಯಾಲ ಸಾಕೀನಿ. ನನ್ನ ಬಾಯಿಲೆ ಒಂದು ಅನಸಾಕ ಆ ಗಂಡಸ್ರ ಕೈಲೆ ಆಗಲಿಲ್ಲ. ನೀ ಒಲಿ ಮುಂದ ನಿಂತು ಬೆರಳಿಲೆ ಒತ್ತಿ ಅನಿಸಿದಿ.’

‘ಕೂಸು ಎಲ್ಲಾರ ಮುಂದ ಉಚ್ಚಿ ಹೊಯ್ಕೊಂಡ್ಳು. ತೊಳದಾಕಿ ನಾನು.’

‘ತೊಳಿ. ತೊಳ್ಯಾಕ ಬಂತಲ್ಲ. ಸಾಲ್ಯಾಗ ಒಂದನ್ನು, ಕಣದಾಗ ಲಾಭನ್ನು ಅಂತ ಹೇಳಿಕೊಡಾಕ ಬರಲಿಲ್ಲೇನು? ನನಗ ಸಾಲಿ ಗೊತ್ತಿಲ್ಲ. ನಿನಗ ಎರಡೂ ಗೊತ್ತಿದ್ವು. ಮಾಸ್ತರಿಕಿ ಮಾಡ್ತಿ ನೀನು.’

ಹಂಚಿನ ಮೇಲೆ ರೊಟ್ಟಿ ಹೊಗೆಯಾಡುತ್ತಿತ್ತು. ಐದು ವರ್ಷ ಒಳಗೆ ಇಟ್ಟುಕೊಂಡದ್ದು ಆಗ ಬಾಯಿಗೆ ಬಂತು.

‘ಅತ್ತಿ, ಅವತ್ತ ಕೂಸುಗಳ ಬಗ್ಗೆ ನಾ ಅಂದದ್ದು...’

‘ರಂಜಿ’ ಅಂದಳು ಆಕೆ, ಹೊರಗೆಲ್ಲೋ ಆಡುತ್ತಿದ್ದ ಮಗಳಿಗೆ ಕೇಳಿಸದಷ್ಟು ಮೆಲ್ಲಗೆ. ‘ನಿಮ್ಮವ್ವಗ ಹೇಳು, ರೊಟ್ಟಿ ಸೀಯಾಕ ಹತ್ತೈತಿ.’

ಬಾಗಿಲು ಬಿಟ್ಟು ಹೋದಳು. ಕೊಳಗವನ್ನು ಗೂಟದಿಂದ ಇಳಿಸಿ, ಅರಿವೆಯಲ್ಲಿ ಸುತ್ತಿ, ಮೇಲಟ್ಟಕ್ಕೆ ಇಟ್ಟಳು. ಅಂದಿನಿಂದ ರೊಟ್ಟಿಯನ್ನೂ ಎಣಿಸುವುದು ಬಿಟ್ಟಳು.

ಅಂತಿಮವಾದ ಪಾಠವನ್ನು ಮತ್ತೆ ತಿದ್ದಲು ಆಗುವುದಿಲ್ಲ. ಆದರೆ ಕಾಪಿ ಮಾಡಿಕೊಂಡು ಬೇರೆ ಪಾಠ ಕಟ್ಟಲು ಯಾರದೂ ಅಡ್ಡಿಯಿಲ್ಲ. ಆ ಭಾನುವಾರ ಮಗಳ ತಲೆ ಎರೆದು, ಕೂದಲು ಒಣಗಲು ಬಿಸಿಲಿಗೆ ಕೂರಿಸಿ, ಕೆಲಸ ಶುರುಮಾಡಿದೆ. ಪಾಠದ ಹೆಸರು ‘ಹಲಗಿ ಮ್ಯಾಲ ಒಂದು, ಕಣದಾಗ ಲಾಭ’. ಎಡಕ್ಕೆ ಶಾಲೆಯ ಹಲಗೆಯ ಚಿತ್ರ, ಬಲಕ್ಕೆ ರಾಶಿಯ ಚಿತ್ರ. ಹಲಗೆ ಮುಟ್ಟಿದರೆ ಒಂದು ಅನ್ನಬೇಕು, ರಾಶಿ ಮುಟ್ಟಿದರೆ ಲಾಭ ಅನ್ನಬೇಕು. ಕೊನೆಗೊಂದು ಪ್ರಶ್ನೆ: ಪರೀಕ್ಷೆಗೆ ಬಂದವರು ಮಾವಿನಹಣ್ಣು ತೋರಿಸಿದರೆ ಏನು ಅನ್ನುತ್ತೀ? ರಂಜಿತಾ ನಾಲ್ಕೇ ಸಲಕ್ಕೆ ಕಲಿತಳು. ಐದನೇ ಸಲಕ್ಕೆ ಬೇಕೆಂದೇ ನನ್ನ ಬಾಯಿ ತಪ್ಪಿಸಲು ನೋಡಿದಳು.

ಉಳಿದದ್ದು ದನಿ. ಅತ್ತೆಯ ಹಳೆಯ ದನಿ ಇತಿಹಾಸದ ಪುಟದಲ್ಲಿ ಹಾಗೇ ಇತ್ತು. ಎತ್ತಿ ಹಾಕಿಕೊಳ್ಳಲು ಯಾರನ್ನೂ ಕೇಳಬೇಕಿಲ್ಲ ಎಂಬುದು ಅಲ್ಲಿಯ ನಿಯಮ. ಈ ಸಲ ನಾನು ಕೇಳಿದೆ.

‘ರಂಜಿ, ಅಜ್ಜಿಗೆ ಕೇಳು, ಹಳೇ ದನಿ ಹೊಸಾ ಪಾಠಕ್ಕ ಹಾಕ್ಲೇನಂತ.’

‘ಬ್ಯಾಡನ್ನು.’

‘ಮತ್ತೊಮ್ಮೆ ಹೊಸದಾಗಿ ಅಳೀತಾಳೇನಂತ ಕೇಳು.’

‘ಒಮ್ಮೆ ಕೊಟ್ಟಿದ್ದೆ. ಚೆಲ್ಯಾಳ. ಚೆಲ್ಲಿದಾಕಿ ಕೈಗೆ ಮತ್ತ ಕಾಳು ಕೊಡಲ್ಲನ್ನು.’

ಹಾಗಾಗಿ ನಾನೇ ಕುಳಿತೆ. ಅಟ್ಟದ ಕೊಳಗ ಮುಟ್ಟುವ ಧೈರ್ಯ ಬರಲಿಲ್ಲ. ಹಿಟ್ಟಿನ ಡಬ್ಬಿ ತೆಗೆದುಕೊಂಡೆ. ಅಂಗಳದಲ್ಲಿ ಜೋಳ ಸುರಿದು, ಫೋನು ನಿಲ್ಲಿಸಿ, ಗಂಟಲು ಸರಿಮಾಡಿ ‘ಲಾಭ’ ಅಂದೆ. ಪುಸ್ತಕ ಓದಿದ ಹಾಗೆ ಬಂತು. ಎರಡು ಅನ್ನುವಾಗ ಡಬ್ಬಿಯಿಂದ ಕಾಳು ಹೊರಚೆಲ್ಲಿತು. ಮೂರು ಅನ್ನುವಷ್ಟರಲ್ಲಿ ಒಳಗಿಂದ ದನಿ ಬಂತು.

‘ಬಾಯಾಗ ಅಂಬಲಿ ಇಟ್ಕೊಂಡು ಎಣಸ್ತಾಳ ನೋಡು.’

ನಾನು ನಿಲ್ಲಿಸಲಿಲ್ಲ. ನಾಕು ಅಂದೆ.

‘ಕಾಳು ಬಿದ್ದ ಸದ್ದು ಮುಗ್ಯಾಕ ಬಿಡು. ಬಸ್ ತಪ್ಪೈತೇನು?’

ಐದು. ಆರು.

‘ಥೂ. ಅದು ಲಾಭ ಅಲ್ಲ, ಲುಕ್ಸಾನು. ಮೊದಲಿಂದ ಮಾಡು. ಉಸಿರು ತಗೊಂಡು ಲಾ... ಅಂತ ಎಳಿ, ಕೈ ಮಗಚೂ ಮುಂದ ಭಾ ಅನ್ನು.’ ಅದನ್ನು ತೋರಿಸಲೆಂದು ಆಕೆ ಒಳಗೇ ಕುಳಿತು ಪೂರ್ತಿ ರಾಗದಲ್ಲಿ ಒಮ್ಮೆ ಎಳೆದಳು: ‘ಲಾ...ಭಾ.’ ಆಮೇಲೆ ಯಾರೂ ಕೇಳಿಲ್ಲವೆಂಬಂತೆ ಪಾತ್ರೆ ಸದ್ದು ಮಾಡಿದಳು.

ನಾನು ಮೊದಲಿಂದ ಮಾಡಿದೆ. ಇಪ್ಪತ್ತು ಮುಗಿಯುವವರೆಗೆ ಒಳಗಿಂದ ಬೈಗುಳ ಬರುತ್ತಲೇ ಇತ್ತು. ಹನ್ನೊಂದಕ್ಕೊಮ್ಮೆ, ಹದಿನಾರಕ್ಕೊಮ್ಮೆ. ಅರ್ಧ ಜೋಳ ಕೋಳಿಗಳ ಪಾಲಾಯಿತು. ಮೊದಲು ಅಂದದ್ದೂ ಆಮೇಲೆ ಅಂದದ್ದೂ ಏನನ್ನೂ ಕತ್ತರಿಸದೆ ಏರಿಸಿದೆ. ಏರಿಸುವ ಮೊದಲು ಮಗಳ ಮುಂದೆ ಜೋರಾಗಿ ಹಾಕಿ ಕೇಳಿಸಿದೆ. ಒಳಗೆ ಪಾತ್ರೆಯ ಸದ್ದು ನಿಂತಿತು. ಬ್ಯಾಡ ಎಂಬ ಮಾತು ಬರಲಿಲ್ಲ.

ಶಹನಾಜಬೇಗಂ ತಮ್ಮ ಬರ್ಕತ್ತಿನ ಪುಟವನ್ನು ತಾವೇ ತಂದು ಈ ಪಾಠಕ್ಕೂ ಸೇರಿಸಿದರು. ಬೈಗುಳ ಬಂದಾಗಲೆಲ್ಲ ತಮ್ಮ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ ಎಂದು ಬರೆದರು. ಎಂಟು ದಿನದ ಮೇಲೆ ಶಾಂತಕುಮಾರರು ಬಂದರು. ‘ಈಗ ಪಾಠ ಸರಿಯಾಗಿದೆ. ಹಿನ್ನೆಲೆಯಲ್ಲಿ ಯಾರೋ ಒಬ್ಬರು ಬೈಯುತ್ತಿದ್ದಾರೆ. ದಯವಿಟ್ಟು ಆ ಗದ್ದಲ ತೆಗೆಯಿರಿ.’ ನಾನು ಉತ್ತರ ಬರೆಯಲಿಲ್ಲ. ತೆಗೆಯಲೂ ಇಲ್ಲ.

ಆಕೆ ನನ್ನ ಜೊತೆ ಇನ್ನೂ ಮಾತಾಡುವುದಿಲ್ಲ. ಕೊಳಗ ಅಟ್ಟದಿಂದ ಇಳಿದಿಲ್ಲ. ರೊಟ್ಟಿ ಮಾತ್ರ ಮತ್ತೆ ಎಣಿಸುತ್ತಾಳೆ. ನಾನು ಬೆಳಿಗ್ಗೆ ಎದ್ದು ಮಗಳ ಜಡೆ ಹಾಕುವ ಮೊದಲು ಫೋನು ತೆಗೆದು ಇತಿಹಾಸದ ಪುಟ ನೋಡುತ್ತೇನೆ, ಯಾಕೆಂದರೆ ಕೇಳಿದಾಗ ಹೇಳಲು ಬರಬೇಕು.

‘ರಂಜಿ, ನಿಮ್ಮವ್ವಗ ಕೇಳು, ಕುಷ್ಟಗಿಯಾಂವ ಮತ್ತೇನರ ಅಳಸ್ಯಾನೇನಂತ.’

‘ಇಲ್ಲನ್ನು.’

‘ಅಳಸಿದ್ರ?’

‘ಮತ್ತ ಹಾಕ್ತೀನನ್ನು’ ಅನ್ನುತ್ತೇನೆ, ಮಗಳ ಕೂದಲು ಮೂರು ಪಾಲು ಮಾಡುತ್ತ.